ಮುಂದೊಂದು ಥರ, ಹಿಂದೊಂದು ಥರ

“ಚಾಲತಂಯ ಹೋ ಸಾಹೇಬ್, ಸಾಈಜ್ ಏಕಚ್ ಆಹೆ.”

ನಡೀತದೆ ಸಾಹೇಬ್ರೆ, ಸೈಜ್ ಒಂದೇ ಇದೆ ಅಂತ ಅರ್ಥ. ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇಲ್ಲಿನ ಬದುಕು ಅರ್ಧ ನಡೆಯೋದೇ ಈ ‘ಚಾಲತಂಯ’ದ ಮೇಲೆ ಅಂತ ನನಗೆ ಗೊತ್ತಾಗೋಕೆ ಬಹಳ ದಿನ ಬೇಕಾಗಲಿಲ್ಲ. ಬಾಗಿಲಿಗೆ ಬೇರೆ ಬಣ್ಣದ ಚಿಲಕ ಹಾಕಿದರೂ ಚಾಲತಂಯ, ಮಿಕ್ಸರ್‌ಗೆ ಇನ್ಯಾವುದೋ ಕಂಪನಿಯ ಜಾರ್ ಕೂತರೂ ಚಾಲತಂಯ. ಅದರಿಂದ ಯಾರಿಗೂ ಏನೂ ಆಗಲ್ಲ. ಆದರೆ ಈ ಮಾತನ್ನ ಮೋಟಾರ್‌ಸೈಕಲ್ಲಿನ ಟೈರಿಗೂ ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ತಲೆ ಆಡಿಸಿದ್ದೆ ಕೂಡ. ಇವತ್ತು ಬರೆಯೋಕೆ ಕೂತಿರೋದು ಆ ತಲೆ ಆಡಿಸಿದ್ದರ ಬಗ್ಗೆ.

2022ರ ಜುಲೈ. ನಮ್ಮ ಅಕ್ಕನ ಮಗ ಹಿಂಜವಡಿಯಲ್ಲಿ ಕೆಲಸಕ್ಕಿದ್ದ. ಮೊದಲ ಸಂಬಳ ಬಂದ ವರ್ಷವೇ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮುನ್ನೂರು ಚಿಲ್ಲರೆ ಸೀಸಿಯ ಬೈಕು ತಗೊಂಡಿದ್ದ. ಎರಡೂ ಚಕ್ರಕ್ಕೆ ಕಂಪನಿಯಿಂದಲೇ ರೇಡಿಯಲ್ ಟೈರು ಬಂದಿದ್ದ ಗಾಡಿ ಅದು. ಹಿಂದಿನ ಟೈರು ಬೋಳಾಗಿತ್ತು, ಮುಂದಿನದು ಇನ್ನೂ ಚೆನ್ನಾಗಿತ್ತು. ಬೈಕ್ ಇಟ್ಟವರಿಗೆಲ್ಲ ಗೊತ್ತು, ಮುಂದಿನದು ಒಂದು ಸವೆಯೋ ಹೊತ್ತಿಗೆ ಹಿಂದಿನದು ಸುಮಾರು ಎರಡು ಮುಗಿದಿರುತ್ತೆ. ಎಂಜಿನ್ ತಳ್ಳೋದು ಹಿಂದಿನ ಚಕ್ರವನ್ನೇ, ಹಿಂದೆ ಕೂತವರ ಭಾರ, ಬ್ಯಾಗಿನ ಭಾರ ಎಲ್ಲ ಅದರ ಮೇಲೇ.

ಊರಿಗೆ ಹೋಗೋದಿತ್ತು. ಅಂದರೆ ಹುಬ್ಬಳ್ಳಿಗೆ, ಬೈಕಿನ ಮೇಲೇ. ಈ ಊರಲ್ಲಿರೋ ನಮ್ಮ ಕಡೆಯ ಹುಡುಗರಿಗೆ ಅದೊಂದು ಹುಚ್ಚು. ಬಸ್ಸಿದೆ, ರೈಲಿದೆ, ಆದರೂ ನಾನೂರು ಕಿಲೋಮೀಟರಿಗೂ ಮೇಲೆ ಬೈಕ್ ಓಡಿಸ್ಕೊಂಡು ಹೋಗಿ ಅಮ್ಮನ ಕೈಯಲ್ಲಿ ಬೈಸ್ಕೊಂಡು ರೊಟ್ಟಿ ತಿಂದು ಬರಬೇಕು. ಹಾಗಾಗಿ ಹೊರಡೋ ಮೊದಲು ಟೈರ್ ಬದಲಿಸೋಣ ಅಂತ ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಎರಡು ಟೈರು ತೋರಿಸಿದ. ಎರಡೂ ನೂರಾ ಐವತ್ತು, ಅರವತ್ತು, ಹದಿನೇಳು. ಒಂದು ರೇಡಿಯಲ್ಲು, ಒಂದು ಸಾದಾ. ಬೆಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಫರಕು. ಹುಡುಗ ನನ್ನ ಮುಖ ನೋಡಿದ.

“ಮಾಮಾ, ಯಾವ್ದು ಹಾಕ್ಸೂನು?”

“ಸೈಜ್ ಒಂದ ಐತಲ್ಲೋ. ಸುಮ್ನ ರೊಕ್ಕ ಯಾಕ ಕಳೀತಿ” ಅಂದೆ ನಾನು. ಮೂವತ್ತು ವರ್ಷ ಬೈಕ್ ಓಡಿಸಿದ ಅನುಭವಿ ನಾನು!

ಹುಬ್ಬಳ್ಳಿ ಮುಟ್ಟಿದ ರಾತ್ರಿ ಫೋನು ಮಾಡಿದ. “ಮಾಮಾ, ಗಾಡಿ ಯಾಕೋ ಬ್ಯಾರೆ ಆಗೇತಿ. ಬಾಗಿಸಿದ್ರ ಮುಂದಿಂದು ಹೊಳ್ಳತೈತಿ, ಹಿಂದಿಂದು ಸಾವಕಾಶ ಬರತೈತಿ. ಹಿಂದ ಯಾರೋ ಕುಂತಂಗ ಆಗತೈತಿ” ಅಂದ. ನಾನು ಗಾಳಿ ನೋಡು ಅಂದೆ. ನಮ್ಮವರ ವೈದ್ಯದಲ್ಲಿ ಎಲ್ಲ ರೋಗಕ್ಕೂ ಗಾಳಿ ನೋಡೋದೇ ಔಷಧಿ. ನೋಡಿಸಿದ. ಎರಡು ಪಾಯಿಂಟ್ ಹೆಚ್ಚು ಹಾಕಿಸಿದ. ವಾಪಸ್ ಹೊರಟ.

ಸಾತಾರಾ ದಾಟಿ ಪುಣೆಗೆ ಬರೋವಾಗ ಖಂಬಾಟ್ಕಿ ಸುರಂಗ ಸಿಗುತ್ತೆ. ಆ ದಾರಿಯಲ್ಲಿ ಓಡಾಡಿದವರಿಗೆ ಸುರಂಗ ಮುಗಿದ ಮೇಲೆ ಆಗ ಇದ್ದ ಆ ಎಸ್ ಆಕಾರದ ಇಳಿಜಾರಿನ ತಿರುವು ನೆನಪಿರಲೇಬೇಕು. ಸುರಂಗದೊಳಗೆ ರಸ್ತೆ ಒಣಗಿರುತ್ತೆ, ಹೊರಗೆ ಬಂದ ಕೂಡಲೇ ಮಳೆ. ಮೊದಲ ತಿರುವಿಗೆ ಬಾಗಿಸಿದ, ವೇಗ ಹೆಚ್ಚಾಯ್ತು ಅನ್ನಿಸಿ ಥ್ರಾಟಲ್ ಬಿಟ್ಟ. ಅಷ್ಟೇ, ಹಿಂದಿನ ಚಕ್ರ ಪಕ್ಕಕ್ಕೆ ಹೋಯ್ತು. ಬೈಕು ಒಂದು ಕಡೆ, ಹುಡುಗ ಒಂದು ಕಡೆ. ಹಿಂದೆ ಬರ್ತಿದ್ದ ಲಾರಿಯವನು ದೂರದಲ್ಲಿದ್ದ, ಬ್ರೇಕ್ ಹಾಕಿದ. ಕೊರಳ ಹತ್ತಿರದ ಮೂಳೆ ಮುರೀತು, ಆರು ವಾರ ತೋಳಿಗೆ ಜೋಳಿಗೆ. ಅಕ್ಕ ಹುಬ್ಬಳ್ಳಿಯಿಂದ ಬಂದು ನಮ್ಮ ಮನೇಲೇ ಇದ್ದಳು. ಅವಳಿಗೆ ಟೈರಿನ ವಿಷಯ ನಾನು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಬಿದ್ದದ್ದು ಟೈರಿಂದಲೇ ಅಂತ ನಾನು ಕೋರ್ಟಿನಲ್ಲಿ ಪ್ರಮಾಣ ಮಾಡಲಾರೆ. ಮಳೆ ಇತ್ತು. ಹುಡುಗನಿಗೆ ಇಪ್ಪತ್ತಾರು, ನಿಧಾನ ಅನ್ನೋದು ಆ ವಯಸ್ಸಿನ ಶಬ್ದ ಅಲ್ಲ. ಬಾಗಿರುವಾಗ ಥ್ರಾಟಲ್ ಪೂರ್ತಿ ಬಿಡಬಾರದಿತ್ತು. ಆದರೆ ‘ಹಿಂದಿಂದು ಸಾವಕಾಶ ಬರತೈತಿ’ ಅಂದದ್ದು ಇತ್ತಲ್ಲ, ಆ ಮಾತು ನನ್ನನ್ನ ಬಿಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನೇ ಹುಡುಕೋಕೆ ಶುರು ಮಾಡಿದೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಟೈರಿನ ಒಳಗೆ ಏನಿರುತ್ತೆ ಅಂತ ನಾನು ಕೇಳಿಕೊಂಡಿರಲಿಲ್ಲ.

ಟೈರು ಅಂದರೆ ಬರೀ ರಬ್ಬರ್ ಅಲ್ಲ. ಒಳಗೆ ದಾರದ ಪದರಗಳಿವೆ. ಆ ದಾರ ಯಾವ ದಿಕ್ಕಿಗೆ ಹೋಗುತ್ತೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ಸಾದಾ ಟೈರಿಗೆ ಸರಿಯಾದ ಹೆಸರು ಬಯಾಸ್ ಅಥವಾ ಕ್ರಾಸ್ ಪ್ಲೈ. ಲಾರಿಯವರ ಬಾಯಲ್ಲಿ ‘ನೈಲಾನ್’. ಇದರಲ್ಲಿ ದಾರಗಳು ಓರೆಯಾಗಿ ಹೋಗುತ್ತವೆ, ಒಂದು ಪದರ ಎಡಕ್ಕೆ ಓರೆ, ಅದರ ಮೇಲಿನದು ಬಲಕ್ಕೆ ಓರೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆಟ್ಟಗೆ, ಪಕ್ಕೆಲುಬಿನ ಹಾಗೆ ಹೋಗುತ್ತವೆ. ಅದರ ಮೇಲೆ, ರಸ್ತೆಗೆ ತಾಗೋ ಭಾಗದ ಕೆಳಗೆ, ಸುತ್ತಲೂ ಬಿಗಿಯಾದ ಪಟ್ಟಿ. ನಮ್ಮೂರಲ್ಲಿ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಬಡೀತಾರಲ್ಲ, ಹಾಗೆ ಅಂದುಕೊಳ್ಳಿ.

ಇದರಿಂದ ಆಗೋ ವ್ಯತ್ಯಾಸ ತಿಳಿಯೋಕೆ ಎಂಜಿನಿಯರಿಂಗ್ ಬೇಡ. ಒಂದು ಕರವಸ್ತ್ರ ತಗೊಳ್ಳಿ. ನೂಲಿನ ದಿಕ್ಕಿಗೆ, ಅಂದರೆ ಅಂಚಿನ ಜೊತೆ ನೆಟ್ಟಗೆ ಎಳೀರಿ. ಅಷ್ಟೇನೂ ಹಿಗ್ಗಲ್ಲ. ಈಗ ಒಂದು ಮೂಲೆ ಹಿಡಿದು ಎದುರಿನ ಮೂಲೆಗೆ ಎಳೀರಿ. ಬಟ್ಟೆ ಹಿಗ್ಗುತ್ತೆ, ಓರೆಯಾಗುತ್ತೆ, ಆಕಾರ ಬಿಡುತ್ತೆ. ದರ್ಜಿಗಳು ಉರೇಬು ಅನ್ನೋದು ಇದಕ್ಕೇ. ಬಯಾಸ್ ಟೈರಿನ ಒಳಗಿರೋದೂ ಇದೇ ಓರೆ. ಅದರಲ್ಲಿ ಪಕ್ಕದ ಗೋಡೆ ಮತ್ತು ರಸ್ತೆಗೆ ತಾಗುವ ಭಾಗ ಎರಡೂ ಒಂದೇ ಪದರಗಳಿಂದ ಆದದ್ದು, ಒಂದು ಬಾಗಿದರೆ ಇನ್ನೊಂದೂ ಜೊತೆಗೆ ಹೊರಳಾಡುತ್ತೆ. ರೇಡಿಯಲ್‌ನಲ್ಲಿ ಗೋಡೆ ಮೆತ್ತಗಿದ್ದರೂ ಕೆಳಗಿನ ಪಟ್ಟಿ ತನ್ನ ಆಕಾರ ಬಿಡಲ್ಲ, ರಸ್ತೆಗೆ ಸಮನಾಗಿ ಕೂತಿರುತ್ತೆ. ಇನ್ನೊಂದು, ಬಯಾಸ್‌ನ ಪದರಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ, ಅದಕ್ಕೇ ಹೈವೇಯ ದೀರ್ಘ ಓಟದಲ್ಲಿ ರೇಡಿಯಲ್ ತಣ್ಣಗಿರುತ್ತೆ.

ಹಾಗಂತ ಬಯಾಸ್ ಕೆಟ್ಟದ್ದು ಅಂತ ತಿಳಿಬೇಡಿ. ಅದು ಗಟ್ಟಿ, ಅಗ್ಗ, ಭಾರ ಹೊರುತ್ತೆ, ಕೆಟ್ಟ ರಸ್ತೆಯ ಏಟು ತಿನ್ನುತ್ತೆ. ನಮ್ಮ ದೇಶದ ನೂರು ಸೀಸಿ ಗಾಡಿಗಳೆಲ್ಲ ಅದರ ಮೇಲೇ ಓಡಾಡುತ್ತಿವೆ. ಮಿಶ್ಲಾ ಕಂಪನಿ ರೇಡಿಯಲ್‌ಗೆ ಪೇಟೆಂಟ್ ಮಾಡಿದ್ದು 1946ರಲ್ಲಿ. ಮೋಟಾರ್‌ಸೈಕಲ್ಲುಗಳಿಗೆ ಅದು ಬಂದದ್ದು 1980ರ ದಶಕದಲ್ಲಿ, ನಮ್ಮ ಪುಟ್ಟ ಗಾಡಿಗಳಿಗೆ ಇನ್ನೂ ತಡವಾಗಿ. ಅಲ್ಲಿಯವರೆಗೆ ಲೋಕದ ಬೈಕುಗಳೆಲ್ಲ ಬಿದ್ದುಕೊಂಡೇನೂ ಇರಲಿಲ್ಲ. ತೊಂದರೆ ಯಾವುದೋ ಒಂದು ಟೈರಿನಲ್ಲಿಲ್ಲ, ಎರಡನ್ನೂ ಜೋಡಿ ಮಾಡೋದರಲ್ಲಿದೆ. ಅದರಲ್ಲೂ ಯಾವುದು ಮುಂದೆ, ಯಾವುದು ಹಿಂದೆ ಅನ್ನೋದರಲ್ಲಿದೆ.

ನನಗೆ ನಿಜಕ್ಕೂ ಆಶ್ಚರ್ಯ ಆಗಿದ್ದು ಇಲ್ಲೇ. ಬೇರೆ ಬೇರೆ ಥರದ ಟೈರು ಜೋಡಿಸೋದು ಮಹಾಪಾಪ ಏನಲ್ಲ. ಕಂಪನಿಗಳೇ ಹಾಗೆ ಮಾರಿವೆ! 2008ರಲ್ಲಿ ಬಂದ ಯಮಾಹಾ ಎಫ್‌ಝಡ್16 ನೋಡಿ, ಮುಂದೆ ಸಾದಾ, ಹಿಂದೆ 140/60 ರೇಡಿಯಲ್. 2011ರ ಆರ್15 ಎರಡನೇ ಆವೃತ್ತಿ, 2014ರ ಸುಝುಕಿ ಜಿಕ್ಸರ್ ಕೂಡ ಹೀಗೇ. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್‌ನಲ್ಲೂ ಮುಂದೆ 100/90-18, ಹಿಂದೆ 130/70 ಆರ್ 18. ಪ್ರತಿ ಸಲವೂ ರೇಡಿಯಲ್ ಇರೋದು ಹಿಂದೆ. ಕಂಪನಿ ಕೂತು ಓಡಿಸಿ ನೋಡಿ ಒಪ್ಪಿಕೊಂಡ ಜೋಡಿ ಅದು, ಅದಕ್ಕೆ ತಕ್ಕ ಹಾಗೆ ಸಸ್ಪೆನ್ಷನ್, ಗಾಳಿಯ ಒತ್ತಡ ಎಲ್ಲ ಹೊಂದಿಸಿರುತ್ತಾರೆ. ಇದರ ಉಲ್ಟಾ, ಅಂದರೆ ಮುಂದೆ ರೇಡಿಯಲ್ ಹಿಂದೆ ಬಯಾಸ್ ಇಟ್ಟ ಗಾಡಿ ಶೋರೂಮಿನಲ್ಲಿ ನನಗಂತೂ ಒಂದೂ ಸಿಕ್ಕಿಲ್ಲ. ಬ್ರಿಟನ್ನಿನ 1986ರ ವಾಹನ ನಿಯಮಗಳಲ್ಲಂತೂ ಮುಂದಿನ ಆಕ್ಸಲ್‌ಗೆ ರೇಡಿಯಲ್ ಹಾಕಿ ಹಿಂದಿನದಕ್ಕೆ ಬಯಾಸ್ ಹಾಕೋದನ್ನ ಕಾನೂನಾಗಿಯೇ ನಿಷೇಧಿಸಿದ್ದಾರೆ.

ಕಾರಣ ಹುಡುಗ ಹೇಳಿದ್ದೇ. ಮುಂದಿನ ರೇಡಿಯಲ್ ಹ್ಯಾಂಡಲ್‌ಗೆ ಕೂಡಲೇ ಉತ್ತರ ಕೊಟ್ಟು ಬಿಗಿಯಾಗಿ ರಸ್ತೆ ಹಿಡಿಯುತ್ತೆ. ಹಿಂದಿನ ಬಯಾಸ್ ಮೊದಲು ತಾನು ಹೊರಳಿ, ಆಮೇಲೆ ತಿರುಗುತ್ತೆ. ನಲವತ್ತರಲ್ಲಿ ಸಿಟಿಯೊಳಗೆ ಓಡಾಡುವಾಗ ಇದು ನಿಮಗೆ ಗೊತ್ತೇ ಆಗದಿರಬಹುದು. ಎಂಬತ್ತು ತೊಂಬತ್ತರಲ್ಲಿ, ಹಿಂದೆ ಬ್ಯಾಗು ಕಟ್ಟಿಕೊಂಡು, ಬಾಗಿದ ತಿರುವಿನಲ್ಲಿ, ಒದ್ದೆ ರಸ್ತೆಯಲ್ಲಿ ಗೊತ್ತಾಗುತ್ತೆ. ಹಿಂಭಾಗ ತೂಗಾಡಬಹುದು. ಇನ್ನೂ ಮುಂದೆ ಹೋದರೆ ಮೊದಲು ಕೈ ಬಿಡೋದು ಹಿಂದಿನದೇ. ಮುಂದಿನದು ಚೆನ್ನಾಗಿ ಹಿಡಿದಿರೋದರಿಂದ ಓಡಿಸೋನಿಗೆ ಎಲ್ಲ ಸರಿಯಿದೆ ಅನ್ನೋ ಧೈರ್ಯ ಬಂದಿರುತ್ತೆ, ಅದೇ ಇಲ್ಲಿ ಮೋಸ. ಕೈಗೆ ತಿಳಿಯೋದು ಮುಂದಿನ ಟೈರಿನ ಸಮಾಚಾರ ಮಾತ್ರ.

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಯಾರೂ ಬೇಕು ಅಂತ ಇಂಥ ಜೋಡಿ ಮಾಡಲ್ಲ. ಮುಂದೆ ರೇಡಿಯಲ್ ಹಾಕಿ ಹಿಂದೆ ಬಯಾಸ್ ಹಾಕಿಕೊಡಿ ಅಂತ ಯಾರೂ ಅಂಗಡಿಗೆ ಹೋಗಿ ಕೇಳಲ್ಲ. ಆದರೂ ನಮ್ಮ ಲೆಕ್ಕಾಚಾರ ನಮ್ಮನ್ನ ನೇರ ಅಲ್ಲಿಗೇ ತಂದು ನಿಲ್ಲಿಸುತ್ತೆ. 2013ರ ಕೆಟಿಎಂ 390 ಡ್ಯೂಕ್, 2017ರ ಅಪಾಚೆ ಆರ್‌ಆರ್ 310, ಇಂಥವು ಎರಡೂ ಕಡೆ ರೇಡಿಯಲ್ ಹಾಕಿಕೊಂಡು ಬಂದವು. ಸೆಕೆಂಡ್ ಹ್ಯಾಂಡ್‌ನಲ್ಲಿ ಈ ದರ್ಜೆಯ ಗಾಡಿಗಳನ್ನ ತಗೊಳ್ಳೋನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಮೊದಲು ಸವೆಯೋದು ಹಿಂದಿನದು. ಹೆಚ್ಚು ದುಡ್ಡು ಕೇಳೋದೂ ಅದೇ, ಯಾಕಂದರೆ ಅಗಲ ಹೆಚ್ಚು. ಉಳಿಸಬೇಕು ಅನ್ನಿಸೋದೂ ಅದರಲ್ಲೇ. ಮುಂದಿನದು ಹೇಗೂ ಚೆನ್ನಾಗಿದೆಯಲ್ಲ, ಅದನ್ನ ಯಾಕೆ ಮುಟ್ಟಬೇಕು? ಹೀಗೆ ಒಂದೊಂದೇ ಹೆಜ್ಜೆ ನೋಡಿದರೆ ಎಲ್ಲವೂ ಜಾಣತನವೇ. ಕೊನೆಗೆ ಉಳಿಯೋದು ಮುಂದೆ ರೇಡಿಯಲ್, ಹಿಂದೆ ಬಯಾಸ್. ಇರಬಾರದ ಜೋಡಿಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದೋ ಅದನ್ನೇ ಮಿತವ್ಯಯ ಅನ್ನೋ ನಮ್ಮ ಗುಣ ತಾನಾಗಿ ತಯಾರು ಮಾಡುತ್ತೆ. ಎರಡು ಸಾವಿರ ಉಳಿತಾಯ! ಆರು ವಾರದ ಆಸ್ಪತ್ರೆ ಖರ್ಚಿನ ಲೆಕ್ಕ ನಾನಿಲ್ಲಿ ಬರೆಯಲ್ಲ ಬಿಡಿ.

ಅಂಗಡಿಯವನನ್ನ ಬೈಯಬಹುದು. ನಾನೂ ಮೊದಲು ಬೈದೆ. ಆದರೆ ಅವನು ಕೇಳಿದ್ದು ಸೈಜು, ನಾವು ಹೇಳಿದ್ದೂ ಸೈಜು. ಅವನ ತಿಳುವಳಿಕೆಯಲ್ಲಿ ರೇಡಿಯಲ್ ಅಂದರೆ ‘ಒಳ್ಳೇ ಕ್ವಾಲಿಟಿ’, ಸಾದಾ ಅಂದರೆ ‘ಬಜೆಟ್’. ಹೋಟೆಲಲ್ಲಿ ಸ್ಪೆಷಲ್ ಟೀ, ಸಾದಾ ಟೀ ಇದ್ದ ಹಾಗೆ. ಇನ್ನು ಕೆಲವರಿಗೆ ರೇಡಿಯಲ್ ಅಂದರೆ ಟ್ಯೂಬ್‌ಲೆಸ್. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಯಾಸ್‌ನಲ್ಲೂ ಬೇಕಾದಷ್ಟು ಟ್ಯೂಬ್‌ಲೆಸ್ ಇವೆ, ನಮ್ಮ ಹುಡುಗನ ಗಾಡಿಗೆ ಹಾಕಿದ್ದೂ ಟ್ಯೂಬ್‌ಲೆಸ್ಸೇ. ಅದನ್ನ ನೋಡಿಯೇ ನಾನು ಸಮಾಧಾನಪಟ್ಟಿದ್ದು.

ಪೋಲೀಸರು ಇದನ್ನ ನೋಡಲ್ಲ. ಟೈರು ಬೋಳಾಗಿದೆಯೋ ಇಲ್ಲವೋ ನೋಡಬಹುದು, ನಿಯಮದ ಪ್ರಕಾರ ಎರಡು ಚಕ್ರದ ಗಾಡಿಗೆ ಕನಿಷ್ಠ 0.8 ಮಿಲಿಮೀಟರ್ ಗೆರೆ ಉಳಿದಿರಬೇಕು. ಹೊಚ್ಚಹೊಸ ಟೈರು, ದಪ್ಪ ಗೆರೆ, ಮೇಲೆ ಐಎಸ್‌ಐ ಗುರುತು ಎಲ್ಲ ಇದ್ದರೆ ಯಾರು ತಾನೇ ತಡೀತಾರೆ? ಸರ್ವೀಸ್ ಮಾಡೋ ಮೆಕ್ಯಾನಿಕ್ಕೂ ಏನೂ ಹೇಳಲಿಲ್ಲ. ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಬರೆದಿರುತ್ತೆ ನಿಜ, ಆದರೆ ಸೆಕೆಂಡ್ ಹ್ಯಾಂಡ್ ಗಾಡಿಯ ಪುಸ್ತಕ ಎಷ್ಟು ಜನರ ಕೈ ಸೇರುತ್ತೆ ಹೇಳಿ? ನನ್ನ ಅಭಿಪ್ರಾಯ ಇಷ್ಟೇ. ಚೈನಿನ ಹತ್ತಿರ ಗಾಳಿಯ ಒತ್ತಡದ ಸ್ಟಿಕ್ಕರ್ ಅಂಟಿಸಿರ್ತಾರಲ್ಲ, ಅದರ ಕೆಳಗೆ ಇನ್ನೊಂದು ಸಾಲು ದಪ್ಪಗೆ ಹಾಕಲಿ, ‘ಎರಡೂ ರೇಡಿಯಲ್’ ಅಂತಲೋ ‘ಹಿಂದೆ ಮಾತ್ರ ರೇಡಿಯಲ್’ ಅಂತಲೋ. ಟೈರ್ ಮಾರೋ ಕಂಪನಿಗಳೂ ತಮ್ಮ ಡೀಲರ್‌ಗಳಿಗೆ ಸೈಜ್ ಕೇಳೋ ಮೊದಲು ‘ಇನ್ನೊಂದು ಚಕ್ರಕ್ಕೆ ಯಾವುದಿದೆ’ ಅಂತ ಕೇಳೋದನ್ನ ಕಲಿಸಲಿ. ಬಿಲ್ಲಿನಲ್ಲಿ ಬರೀಲಿ. ಖರ್ಚಿನ ಕೆಲಸವೇನಲ್ಲ.

ಅಲ್ಲಿಯವರೆಗೆ ನಾವೇ ಬಗ್ಗಿ ನೋಡಬೇಕು. ನೋಡೋದು ಬಹಳ ಸುಲಭ, ನನಗೆ ನಾಚಿಕೆಯಾಗುವಷ್ಟು ಸುಲಭ. ಟೈರಿನ ಪಕ್ಕದಲ್ಲಿ 110/70 ಆರ್ 17, ಆಮೇಲೆ 54 ಹೆಚ್ ಅಂತೆಲ್ಲ ಅಚ್ಚಾಗಿರುತ್ತೆ. ನೂರಾ ಹತ್ತು ಅಂದರೆ ಮಿಲಿಮೀಟರಿನಲ್ಲಿ ಅಗಲ. ಎಪ್ಪತ್ತು ಅಂದರೆ ಆ ಅಗಲದ ನೂರಕ್ಕೆ ಎಪ್ಪತ್ತು ಭಾಗದಷ್ಟು ಎತ್ತರ. ಹದಿನೇಳು ರಿಮ್ಮಿನ ಇಂಚು. ಐವತ್ನಾಲ್ಕು ಅನ್ನೋದು ಭಾರದ ಸಂಕೇತ, 212 ಕಿಲೋ. ಹೆಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ತನಕ ತಾಳುತ್ತೆ ಅಂತ. ಎತ್ತರ ಮತ್ತು ರಿಮ್ಮಿನ ನಡುವೆ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ರೇಡಿಯಲ್. ಆ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಇದ್ದರೆ ಬಯಾಸ್. ಬಿ ಇದ್ದರೆ ಪಟ್ಟಿ ಇರೋ ಬಯಾಸ್, ಅದು ದೊಡ್ಡ ಕ್ರೂಸರ್ ಗಾಡಿಗಳಲ್ಲಿ ಕಾಣಿಸುತ್ತೆ. ಅಂಗಡಿಯವನು ಬಾಯಲ್ಲಿ ‘ನೂರಾ ಐವತ್ತು ಅರವತ್ತು ಹದಿನೇಳು’ ಅಂದಾಗ ಈ ಆರ್ ಮತ್ತು ಆ ಅಡ್ಡಗೆರೆ ಎರಡೂ ಕೇಳಿಸಲ್ಲ ನೋಡಿ. ನಮಗೆ ಸೈಜ್ ಒಂದೇ ಅನ್ನಿಸಿದ್ದು ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ಗೆಳೆಯರು ನನ್ನ ಜೊತೆ ಜಗಳ ಆಡಿದ್ದೂ ಇದೆ. ಒಬ್ಬರು ಐದು ವರ್ಷದಿಂದ ಹೀಗೇ ಓಡಿಸ್ತಿದ್ದಾರಂತೆ, ಏನೂ ಆಗಿಲ್ಲವಂತೆ. ನಂಬ್ತೀನಿ. ಕೋಥ್ರೂಡಿನಿಂದ ಶಿವಾಜಿನಗರಕ್ಕೆ ಆಫೀಸಿಗೆ ಹೋಗಿ ಬರೋರಿಗೆ ಏನೂ ಆಗದೇ ಇರಬಹುದು, ಅಲ್ಲಿ ಟ್ರಾಫಿಕ್ಕೇ ನಿಮ್ಮನ್ನ ಕಾಪಾಡುತ್ತೆ. ಆದರೆ ಅದೇ ಗಾಡಿಯನ್ನ ಗಣಪತಿ ಹಬ್ಬಕ್ಕೋ ದೀಪಾವಳಿಗೋ ಹೈವೇಗೆ ಇಳಿಸೋದೂ ನಾವೇ ತಾನೇ? ಇನ್ನೊಬ್ಬರು ಕೇಳಿದರು, ದುಡ್ಡಿಲ್ಲದಿದ್ದರೆ ಏನು ಮಾಡಬೇಕು ಸ್ವಾಮಿ ಅಂತ. ಇದು ನಿಜವಾದ ಪ್ರಶ್ನೆ, ಇದಕ್ಕೆ ಹಗುರವಾಗಿ ಉತ್ತರಿಸೋ ಅಧಿಕಾರ ನನಗಿಲ್ಲ. ಕಂಪನಿ ಹೇಳಿದ ಜೋಡಿಯೇ ಮೊದಲ ಆಯ್ಕೆ. ದುಡ್ಡು ಕೂಡೋ ತನಕ ಗಾಡಿಯನ್ನ ಹೈವೇಗೆ ಇಳಿಸದೆ ಬಸ್ಸಿನಲ್ಲಿ ಹೋಗಿ. ಅದೂ ಆಗಲ್ಲ ಅಂದರೆ, ಭಾರ ಮತ್ತು ವೇಗದ ಸಂಕೇತ ಸರಿ ಇರೋ ಬಯಾಸ್ ಅನ್ನ ಎರಡೂ ಕಡೆ ಹಾಕೋದು ಮುಂದೊಂದು ಹಿಂದೊಂದಕ್ಕಿಂತ ವಾಸಿ ಅಂತ ನನ್ನ ಅನಿಸಿಕೆ. ಅದಕ್ಕೂ ಮೊದಲು ಗಾಡಿ ಗೊತ್ತಿರೋ ಸರ್ವೀಸ್‌ನವರನ್ನ ಕೇಳಿ. ಮಾಮನನ್ನ ಕೇಳಬೇಡಿ.

ಹುಡುಗ ಈಗ ಪುಣೆ ಬಿಟ್ಟು ಹೈದರಾಬಾದಿಗೆ ಹೋಗಿದ್ದಾನೆ, ಗಾಡಿಯನ್ನೂ ಒಯ್ದಿದ್ದಾನೆ. ಹೋದ ತಿಂಗಳು ಮುಂದಿನ ಟೈರು ಸವೆದಿತ್ತಂತೆ. ಅಂಗಡಿಯಲ್ಲಿ ನಿಂತೇ ಫೋಟೋ ಕಳಿಸಿದ. ಮುಖ ಇಲ್ಲ, ಬೈಕ್ ಇಲ್ಲ, ಬರೀ ಟೈರಿನ ಪಕ್ಕದ ಅಕ್ಷರಗಳು, ಮಬ್ಬುಮಬ್ಬಾಗಿ. ಕೆಳಗೆ ಒಂದು ಸಾಲು: “ಆರ್ ಐತಿ ಮಾಮಾ, ಹಾಕ್ಸ್ಲಿ?”

ಕನ್ನಡಕ ಹಾಕ್ಕೊಂಡು ಫೋಟೋ ದೊಡ್ಡದು ಮಾಡಿ ಎರಡು ಸಲ ನೋಡಿದೆ. ಆಮೇಲೆ ಹಿಂದಿನದರ ಫೋಟೋನೂ ಕಳಿಸು ಅಂದೆ.